ದೊಡ್ಡವ್ವನ ಭಂಡಾರ, ನಮ್ಮ ಕ್ಯಾಮೆರಾ

ನಮ್ಮ ಸಾರ್ವಜನಿಕ ಸಂಪರ್ಕ ಸಂಸ್ಥೆಗೆ ಸೇರಿದವರಿಗೆಲ್ಲ ಮೊದಲ ದಿನ ಒಂದು ಹಳೆಯ ಫೋಟೊ ತೋರಿಸುತ್ತಿದ್ದರು. ದಪ್ಪ ಕೋಟು ಹಾಕಿಕೊಂಡು, ಕೈಯಲ್ಲಿ ಚರ್ಮದ ಚೀಲ ಹಿಡಿದು ನಿಂತ ಒಬ್ಬ ವಿದೇಶಿ ಹೆಂಗಸಿನ ಕಪ್ಪು ಬಿಳುಪು ಫೋಟೊ. ಅವಳು ಯಾವುದೋ ಗಿರಣಿ ಊರಿನ ಸೂಲಗಿತ್ತಿಯಂತೆ. ಗಿರಣಿಯ ಹೊಗೆಯಿಂದ ಮಕ್ಕಳಿಗೆ ಕೆಮ್ಮು ಹತ್ತಿದೆ ಎಂದು ಊರು ತಿರುಗಿಬಿದ್ದಾಗ ಗಿರಣಿಯ ಮಾಲೀಕ ನಮ್ಮ ಸ್ಥಾಪಕರ ಬಳಿ ಓಡಿ ಬಂದನಂತೆ. ಆಗ ಅವರದು ಒಂದು ಕೋಣೆ, ಒಂದು ಟೈಪ್‌ರೈಟರು, ಅಷ್ಟೇ. ಪತ್ರಿಕೆಗೆ ನನ್ನ ಪರವಾಗಿ ಒಂದು ಹೇಳಿಕೆ ಬರೆದುಕೊಡಿ ಎಂದು ಮಾಲೀಕ ಕೇಳಿದ. ನಿನ್ನ ಮಾತನ್ನು ಯಾರು ನಂಬುತ್ತಾರೆ, ನಿಮ್ಮೂರು ಯಾರನ್ನು ನಂಬುತ್ತದೆ ಅದನ್ನು ಹೇಳು ಎಂದರು ಸ್ಥಾಪಕರು. ಸೂಲಗಿತ್ತಿಯನ್ನು ಎಂದ ಅವನು. ಹೊಗೆಯಿಂದ ಏನೂ ತೊಂದರೆಯಿಲ್ಲ ಎಂದು ಆಮೇಲೆ ಪತ್ರಿಕೆಯಲ್ಲಿ ಹೇಳಿದವಳು ಆ ಸೂಲಗಿತ್ತಿ. ಗಲಾಟೆ ತಣ್ಣಗಾಯಿತು. ಆ ಒಂದು ಕೋಣೆಯ ವ್ಯವಹಾರ ಈಗ ಎಷ್ಟೋ ದೇಶಗಳಲ್ಲಿ ಗಾಜಿನ ಕಟ್ಟಡಗಳಾಗಿ ನಿಂತಿದೆ, ಎಲ್ಲ ಕಟ್ಟಡಗಳ ಬಾಗಿಲಲ್ಲೂ ಅದೇ ಸೂಲಗಿತ್ತಿ ಚೀಲ ಹಿಡಿದು ನಿಂತಿದ್ದಾಳೆ.

ಸಾರ್ವಜನಿಕ ಸಂಪರ್ಕ ಎಂದರೆ ಪತ್ರಿಕೆಯವರಿಗೆ ಕಾಫಿ ಕುಡಿಸುವುದು ಎಂದು ತಿಳಿದವರು ಬಹಳ. ಅದು ಮೇಲಿನ ನೊರೆ. ಒಳಗಿನ ಕೆಲಸ ಈ ಸೂಲಗಿತ್ತಿಯನ್ನು ಹುಡುಕುವುದು. ಸಾಬೂನು ಮಾರುವವನಿಗೆ ಒಬ್ಬ ಡಾಕ್ಟರು, ಅಣೆಕಟ್ಟು ಕಟ್ಟುವವನಿಗೆ ಒಬ್ಬ ಮೇಷ್ಟ್ರು, ಗಣಿಯವನಿಗೆ ಒಬ್ಬ ಸ್ವಾಮಿ. ಹೇಳಬೇಕಾದ ಮಾತು ನಮ್ಮದು, ಹೇಳುವ ಬಾಯಿ ಊರಿನದು. ಮೊದಲ ದಿನ ಈ ಕಥೆ ಕೇಳಿ ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದೆ. ಈಗಾದರೆ ತಟ್ಟುವುದಿಲ್ಲ.

ನಾನು ಹೇಳಹೊರಟಿರುವುದು ಒಂದು ಸೋಲಾರ್ ಪಾರ್ಕಿನ ಕೆಲಸದ ಬಗ್ಗೆ. ಕೊಟ್ಟೂರು ಮತ್ತು ಕೂಡ್ಲಿಗಿ ನಡುವಿನ ಬೆದ್ದಲು ಭೂಮಿಯನ್ನು ಒಂದು ಕಂಪನಿ ಗುತ್ತಿಗೆಗೆ ತೆಗೆದುಕೊಂಡಿತ್ತು. ಅದರ ಹೆಸರಿಗೆ ಮೆರುಗು ಕೊಡುವ ಕೆಲಸ ನಮ್ಮ ಬೆಂಗಳೂರು ಕಚೇರಿಗೆ ಬಂತು. ನಾನು ಹರಪನಹಳ್ಳಿಯವಳು, ಆ ಭಾಗದ ಮಾತು ಬರುತ್ತದೆ ಎಂದು ತಂಡದ ಮುಖ್ಯಸ್ಥೆ ನನ್ನನ್ನು ಸೇರಿಸಿಕೊಂಡರು. ಆಕೆ ಹೊರ ರಾಜ್ಯದಿಂದ ಬಂದ, ಕನ್ನಡ ಬಾರದ, ನಗುತ್ತಲೇ ಕೆಲಸ ತೆಗೆಯುವ ಹೆಂಗಸು. ನಮ್ಮ ಭಾಷೆಯನ್ನು "ತುಂಬಾ ಖಡಕ್, ತುಂಬಾ ಚೆನ್ನಾಗಿದೆ" ಎಂದು ಹೊಗಳುತ್ತಿದ್ದರು, ಅದರ ಒಂದು ಶಬ್ದವೂ ಅವರಿಗೆ ತಿಳಿಯುತ್ತಿರಲಿಲ್ಲ.

ಕೊಟ್ಟೂರಿನ ಒಂದು ಲಾಡ್ಜಿನ ಹಾಲ್ ನಮ್ಮ ಕಚೇರಿಯಾಯಿತು. ಗೋಡೆಗೆ ಸುತ್ತಲಿನ ಐದು ತಾಲ್ಲೂಕುಗಳ ನಕ್ಷೆ ಅಂಟಿಸಿ, ಅದರ ಮೇಲೆ ಬಣ್ಣದ ಚೀಟಿ ಹಚ್ಚುವುದು ಮೊದಲ ಕೆಲಸ. ಕಂಪನಿಯ ಪರ ಇರುವವರಿಗೆ ಹಸಿರು, ನಡುವೆ ಇರುವವರಿಗೆ ಹಳದಿ, ವಿರೋಧಿಗಳಿಗೆ ಕೆಂಪು. ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿಗಳು ಹಸಿರು, ಏಕೆಂದರೆ ಕರೆಂಟು ಬಂದರೆ ಅವರಿಗೆ ಒಳ್ಳೆಯದು. ಹಡಗಲಿಯ ಮಲ್ಲಿಗೆ ಬೆಳೆಯುವವರಿಗೆ ಇದರಿಂದ ಏನೂ ಆಗಬೇಕಾಗಿಲ್ಲ, ಹಳದಿ. ಹಗರಿಬೊಮ್ಮನಹಳ್ಳಿಯ ಒಬ್ಬ ವರದಿಗಾರ ಬೆಳಿಗ್ಗೆ ಹಳದಿ ಇದ್ದವನು ನಮ್ಮ ಜೊತೆ ಊಟ ಮಾಡಿ ಎದ್ದಾಗ ಹಸಿರಾಗಿದ್ದ. ನಾನು ಹುಟ್ಟಿ ಬೆಳೆದ ಸೀಮೆಯ ಜನ ಹೀಗೆ ಗೋಡೆಯ ಮೇಲೆ ಚೀಟಿಗಳಾಗುವುದನ್ನು ನೋಡುತ್ತಾ ನಾನೇ ಅಂಟು ಹಚ್ಚಿ ಕೊಡುತ್ತಿದ್ದೆ.

ಕೆಂಪು ಚೀಟಿ ಇದ್ದದ್ದು ಒಂದೇ ಕಡೆ, ಪಾರ್ಕಿನ ಪಕ್ಕದ ಕುರಿಯವರ ಹಟ್ಟಿಯ ಮೇಲೆ. ಅವರ ಕುರಿಗಳು ನೀರಿಗೆ ಹೋಗುವ ಕೆರೆ ಪಾರ್ಕಿನ ಆಚೆ ಬದಿಗಿತ್ತು. ತಲೆಮಾರುಗಳಿಂದ ಹಿಂಡು ನಡೆದು ಸವೆದ ಹಾದಿ ಸರಿಯಾಗಿ ಪಾರ್ಕಿನ ನಡುವೆ ಹಾದು ಹೋಗುತ್ತಿತ್ತು. ಬೇಲಿ ಬಿದ್ದರೆ ಹಾದಿ ಹೋಯಿತು. ಹಾದಿ ಹೋದರೆ ಲಾರಿಗಳು ಓಡಾಡುವ ಡಾಂಬರು ರಸ್ತೆಯ ಮೇಲೆ ಹಿಂಡನ್ನು ಹೊಡೆದುಕೊಂಡು ಸುತ್ತಿ ಬರಬೇಕು. ಅದಕ್ಕೇ ಅವರು ಬೇಲಿಯ ಕಂಬಗಳ ಮುಂದೆ ಕುರಿ ಮಲಗಿಸಿ ಕೂತಿದ್ದರು. ಕಂಪನಿಯ ಪ್ರಾಜೆಕ್ಟ್ ಅಧಿಕಾರಿ, ಬೇಲಿಯಲ್ಲಿ ಒಂದು ಗೇಟು ಇಟ್ಟು ಹಾದಿ ಬಿಡುತ್ತೇವೆ ಎಂದು ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ.

ಮುಖ್ಯಸ್ಥೆ ನಕ್ಷೆಯ ಮುಂದೆ ನಿಂತು ಸ್ಥಾಪಕರ ಪ್ರಶ್ನೆಯನ್ನೇ ಕೇಳಿದರು. ಇವರು ಯಾರನ್ನು ನಂಬುತ್ತಾರೆ?

ಉತ್ತರ ಹುಡುಕಲು ನನಗೆ ಒಂದು ಬೆಳಗು ಸಾಕಾಯಿತು. ಹಟ್ಟಿಯಲ್ಲಿ ಯಾರನ್ನು ಕೇಳಿದರೂ ದೊಡ್ಡವ್ವನ ಹೆಸರು ಹೇಳಿದರು. ಗಟ್ಟಿಮುಟ್ಟಾದ ಹೆಂಗಸು, ಸ್ವಂತ ಹಿಂಡಿನ ಹಿಂದೆ ಕಂಬಳಿ ಹೊದ್ದು ತಾನೇ ನಡೆಯುವವಳು. ಕುರಿ ಬೆರಕೆಯಾದಾಗ, ಮರಿ ಯಾರದು ಎಂದು ಜಗಳ ಬಿದ್ದಾಗ, ಮದುವೆಯ ಮಾತು ಮುರಿದಾಗ ಜನ ಅವಳ ಬಳಿ ಬರುತ್ತಿದ್ದರು. ಅವಳು ಭಂಡಾರ ಹಿಡಿದು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಭಂಡಾರ ಎಂದರೆ ಮೈಲಾರದಿಂದ ತಂದ ಅರಿಸಿನದ ಪುಡಿ. ನೋಡಲು ಅಡುಗೆಮನೆಯ ಅರಿಸಿನವೇ, ಆದರೆ ಮೈಲಾರಲಿಂಗನ ಒಕ್ಕಲಿನವರು ಅದನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ತಪ್ಪುವುದಿಲ್ಲ. ತಪ್ಪಿದವರ ಕೈಯಿಂದ ಆಮೇಲೆ ಯಾರೂ ಭಂಡಾರ ಹಚ್ಚಿಸಿಕೊಳ್ಳುವುದಿಲ್ಲ. ನಾನು ಇದನ್ನೆಲ್ಲ ಲಾಡ್ಜಿಗೆ ಬಂದು ವಿವರಿಸಿದೆ. ಮುಖ್ಯಸ್ಥೆಯ ಕಣ್ಣು ಅರಳಿತು. ಬೆಂಗಳೂರಿನಿಂದ ಬಂದಿದ್ದ ಫಿಲ್ಮಿನ ನಿರ್ದೇಶಕ, ಕಪ್ಪು ಕಂಬಳಿಯ ಮೇಲೆ ಆ ಹಳದಿ ಬಣ್ಣ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಎಂದ.

ಚಿತ್ರೀಕರಣ ಹಾದಿಯ ಮೇಲೇ ನಡೆಯಿತು, ಇನ್ನೂ ಬಿಸಿಲು ಏರದ ಹೊತ್ತಿನಲ್ಲಿ. ಮಾತು ಸ್ಪಷ್ಟವಾಗಿ ಕೇಳಬೇಕು, ಹಿಂದೆ ಕೆಮ್ಮು ಗದ್ದಲ ಬರಬಾರದು ಎಂದು ನಿರ್ದೇಶಕ ಹಟ್ಟಿಯ ಜನರನ್ನೂ ಅವರ ಕುರಿಗಳನ್ನೂ ದಿಬ್ಬದ ಆಚೆಗೆ ಕಳಿಸಿಬಿಟ್ಟ. ಹಾಗಾಗಿ ಅಲ್ಲಿ ಉಳಿದವರು ನಾವೇ. ದೊಡ್ಡವ್ವ, ಪ್ರಾಜೆಕ್ಟ್ ಅಧಿಕಾರಿ, ಕ್ಯಾಮೆರಾದ ಮಂದಿ, ಮುಖ್ಯಸ್ಥೆ, ಮಾತು ತರ್ಜುಮೆ ಮಾಡಲು ನಾನು. ದೊಡ್ಡವ್ವ ಸೊಂಟದ ಚೀಲದಿಂದ ಭಂಡಾರ ತೆಗೆದು ಒಂದು ತಟ್ಟೆಗೆ ಹಾಕಿದಳು. ಹೇಳಬೇಕಾದ ಮಾತನ್ನು ನಾನು ಮೊದಲೇ ತಿಳಿಸಿದ್ದೆ. ಕಂಪನಿಯವರು ಹಾದಿ ಬಿಡುತ್ತಾರೆ, ಕುರಿ ನೀರಿಗೆ ಹೋಗುತ್ತವೆ, ಅಷ್ಟೇ.

ಆದರೆ ಅವಳು ಕ್ಯಾಮೆರಾದ ಕಡೆ ತಿರುಗಲಿಲ್ಲ, ಅಧಿಕಾರಿಯ ಕಡೆ ತಿರುಗಿ ತಟ್ಟೆ ಮುಂದೆ ಹಿಡಿದಳು.

"ಮೊದಲು ನೀವು ಹಿಡೀರಿ ಸಾಹೇಬ್ರ. ಹಾದಿ ಬಿಡೋರು ನೀವು, ನಾನಲ್ಲ. ನೀವು ಹೇಳ್ರಿ, ಆಮ್ಯಾಲೆ ನನ್ನ ಮಂದಿಗಿ ನಾನು ಹೇಳ್ತೀನಿ."

ಅಧಿಕಾರಿ ಗಲಿಬಿಲಿಗೊಂಡು ಮುಖ್ಯಸ್ಥೆಯನ್ನು ನೋಡಿದ. ಆಕೆ ನಗುತ್ತಾ ತಲೆಯಾಡಿಸಿದರು. ಅವನು ಒಂದು ಚಿಟಿಕೆ ತೆಗೆಯಹೋದ. ದೊಡ್ಡವ್ವ ಬಿಡಲಿಲ್ಲ, ಅವನ ಅಂಗೈ ಬಿಡಿಸಿ ತಾನೇ ತುಂಬ ಹಾಕಿದಳು. ಗೇಟು ಇಡುತ್ತೇವೆ, ಹಾದಿ ಬಿಡುತ್ತೇವೆ ಎಂದು ಅವನು ತನ್ನ ಬೆಂಗಳೂರು ಕನ್ನಡದಲ್ಲಿ ಹೇಳಿದ. ಹೇಳಿ ಮುಗಿದ ಕೂಡಲೇ ಟಿಶ್ಯೂ ಕೇಳಿ ಕೈ ಒರೆಸಿಕೊಂಡ. ಆಮೇಲೆ ದೊಡ್ಡವ್ವ ತಾನು ಭಂಡಾರ ಹಿಡಿದು ಕ್ಯಾಮೆರಾದ ಮುಂದೆ ತನ್ನ ಮಾತು ಹೇಳಿದಳು. ನಿರ್ದೇಶಕ ಇಂಗ್ಲಿಷಿನಲ್ಲಿ, ತುಂಬಾ ಚೆನ್ನಾಗಿ ಬಂತು, ಇನ್ನೊಂದು ಟೇಕ್ ತಗೊಳ್ಳೋಣ, ಬೆಳಕು ಈಗ ಇನ್ನೂ ಚೆನ್ನಾಗಿದೆ ಎಂದ. ನಾನು ತರ್ಜುಮೆ ಮಾಡಿದೆ. ದೊಡ್ಡವ್ವ ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವಂತೆ ನೋಡಿದಳು.

"ಭಂಡಾರ ಹಿಡದು ಆಡಿದ ಮಾತು ಎರಡು ಸಲ ಆಡ್ತಾರೇನವ್ವ? ಒಂದು ಸಲ ಆಡಿದ್ದು ಸುಳ್ಳಾಗಿತ್ತೇನು?"

ಉಳಿದ ಭಂಡಾರವನ್ನು ಅವಳು ನನ್ನ ಹಣೆಗೂ ಒಂದಿಷ್ಟು ಹಚ್ಚಿ ಚೀಲಕ್ಕೆ ತುಂಬಿಕೊಂಡಳು. ದೊಡ್ಡವ್ವ ದಿಬ್ಬದ ಆಚೆ ಹೋಗಿ ತನ್ನ ಮಂದಿಗೂ ಅದೇ ಮಾತು ಹೇಳಿದಳು, ಆ ದಿನವೇ ಕುರಿಯವರು ಕಂಬಗಳ ಮುಂದಿನಿಂದ ಎದ್ದರು. ಕೆಂಪು ಚೀಟಿ ಕಿತ್ತು ಹಸಿರು ಅಂಟಿಸುವಾಗ ಮುಖ್ಯಸ್ಥೆ ಎಲ್ಲರಿಗೂ ಸಿಹಿ ಹಂಚಿದರು.

ಫಿಲ್ಮನ್ನು ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ತೋರಿಸಿದರು. ಪತ್ರಿಕೆಯವರು, ವ್ಯಾಪಾರಿಗಳು, ಕಾಲೇಜಿನ ಹುಡುಗರು ಸೇರಿದ್ದರು. ಪರದೆಯ ಮೇಲೆ ಕುರಿಹಿಂಡು, ದಿಬ್ಬ, ಹಳದಿ ತುಂಬಿದ ಅಂಗೈ, ಆಮೇಲೆ ದೊಡ್ಡವ್ವನ ಮುಖ. ಹಾದಿ ಬಿಡುತ್ತಾರೆ ಎಂದು ಅವಳು ಹೇಳುತ್ತಿದ್ದಂತೆ ಹಿಂದಿನಿಂದ ಸಂಗೀತ ಎದ್ದಿತು. ಜನ ಚಪ್ಪಾಳೆ ಹೊಡೆದರು. ನಾನು ಕಾಯುತ್ತಲೇ ಇದ್ದೆ, ಅಧಿಕಾರಿಯ ಭಾಗ ಬರಲೇ ಇಲ್ಲ. ತೆರೆಯ ಮೇಲಿದ್ದ ಹಳದಿ ಅಂಗೈ ಅವಳದೇ. ಯಾರೂ ಕೇಳದೆ, ಯಾರಿಂದಲೂ ಮಾತು ತೆಗೆದುಕೊಳ್ಳದೆ, ತಾನಾಗಿಯೇ ಕಂಪನಿಯ ಪರ ಭಂಡಾರ ಹಿಡಿದವಳಂತೆ ದೊಡ್ಡವ್ವ ಅಲ್ಲಿ ನಿಂತಿದ್ದಳು.

ಹೊರಗೆ ಬಂದು ನಿರ್ದೇಶಕನನ್ನು ಹಿಡಿದೆ. ಅವನು ಮುಖ್ಯಸ್ಥೆಯ ಕಡೆ ಬೆರಳು ತೋರಿಸಿದ. ಆಕೆ ಬೇಸರವಿಲ್ಲದೆ ತಿಳಿಸಿ ಹೇಳಿದರು. ಕಂಪನಿಯ ವಕೀಲರು ಆ ಭಾಗ ತೆಗೆಯಲು ಹೇಳಿದ್ದಾರೆ, ಅಧಿಕಾರಿ ಕ್ಯಾಮೆರಾ ಮುಂದೆ ಯಾವ ಭರವಸೆಯನ್ನೂ ಕೊಟ್ಟಂತೆ ಇರಬಾರದು, ಕತ್ತರಿಸಿದ ತುಣುಕನ್ನು ಅಳಿಸಿಯೂ ಆಗಿದೆ. ಹಾಗಾದರೆ ಭರವಸೆ ಕೊಟ್ಟವರು ಯಾರು ಎಂದು ಕೇಳಿದೆ. ಅದನ್ನು ಜನ ನೋಡಿದರಲ್ಲ, ಅವರು ನಂಬುವ ಹೆಂಗಸೇ ಕೊಟ್ಟಳಲ್ಲ ಎಂದರು. ಹಾಗೆ ಹೇಳುವಾಗಲೂ ಆಕೆಯ ಮುಖದಲ್ಲಿ ಕಪಟವಿರಲಿಲ್ಲ. ಒಳ್ಳೆಯ ಕೆಲಸ ಮಾಡಿ ಮುಗಿಸಿದವರ ಸಮಾಧಾನವಿತ್ತು. ನನಗೆ ಹೇಸಿಗೆ ಹುಟ್ಟಿದ್ದು ಅದನ್ನು ಕಂಡು.

ಮಳೆ ಮುಗಿಯುವ ಹೊತ್ತಿಗೆ ಬೇಲಿ ಎದ್ದಿತು. ಗೇಟೂ ಬಂತು, ಅದಕ್ಕೆ ದೊಡ್ಡ ಬೀಗವೂ ಬಂತು. ಒಳಗಿನ ತಂತಿಗಳಿಗೆ ಅಪಾಯ, ವಿಮೆಯವರು ಒಪ್ಪುವುದಿಲ್ಲ ಎಂದು ಕಂಪನಿ ತಿಳಿಸಿತು. ನಾವು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯನ್ನು ಬರೆದವಳು ನಾನೇ: ಸ್ಥಳೀಯ ಸಮುದಾಯದೊಂದಿಗೆ ರಚನಾತ್ಮಕ ಮಾತುಕತೆ ಮುಂದುವರಿದಿದೆ. ಇಂಥ ವಾಕ್ಯಗಳನ್ನು ನಮ್ಮಲ್ಲಿ ತಡೆಹೇಳಿಕೆ ಎನ್ನುತ್ತಾರೆ. ಇನ್ನೊಂದು ಸುದ್ದಿ ಬಂದು ಜನ ಮರೆಯುವ ತನಕ ಹೊತ್ತು ತಳ್ಳುವುದು ಇದರ ಕೆಲಸ. ಅತ್ತ ಆ ಫಿಲ್ಮಿಗೆ ಯಾವುದೋ ದೇಶದಲ್ಲಿ ಪ್ರಶಸ್ತಿ ಬಂತು. ಸಮುದಾಯದ ವಿಶ್ವಾಸ ಗಳಿಸಿದ್ದಕ್ಕೆ.

ಹಟ್ಟಿಯಲ್ಲಿ ಮತ್ತೆ ಗಲಾಟೆ ಏಳಬಹುದು, ಹೋಗಿ ನೋಡಿ ಬಾ ಎಂದು ನನ್ನನ್ನು ಕಳಿಸಿದರು. ಅಲ್ಲಿ ಗಲಾಟೆಯೇನೂ ಇರಲಿಲ್ಲ. ದೊಡ್ಡವ್ವನ ಗುಡಿಸಲಿನ ಮುಂದೆ ಅವಳ ಹಿಂಡು ಮಾತ್ರ ಇತ್ತು. ಮೊದಲು ಅವಳ ಜೊತೆ ಹಿಂಡು ಕೂಡಿಸಿ ಮೇಯಿಸುತ್ತಿದ್ದವರೆಲ್ಲ ತಮ್ಮ ಕುರಿ ಬೇರೆ ಮಾಡಿಕೊಂಡು ಹಟ್ಟಿಯ ಆ ಕಡೆಗೆ ಹೋಗಿದ್ದರು. ನನ್ನನ್ನು ನೋಡಿ ಅವಳು ಬೈಯಲಿಲ್ಲ, ಕೂರು ಎಂದು ಕಂಬಳಿ ಹಾಸಿದಳು. ಫಿಲ್ಮನ್ನು ಹಟ್ಟಿಯವರೆಲ್ಲ ಮೊಬೈಲಿನಲ್ಲಿ ನೋಡಿದ್ದರಂತೆ. ಸಾಹೇಬ ಮೊದಲು ಹಿಡಿದ ಎಂದು ಅವಳು ಹೇಳಿದರೆ, ಎಲ್ಲಿ ತೋರಿಸು ಎಂದರಂತೆ. ಅದರಲ್ಲಿ ಅವನು ಎಲ್ಲಿದ್ದಾನೆ? ತಮ್ಮನ ಮಗಳ ಮದುವೆಯ ಮಾತಿಗೆ ಅವಳನ್ನು ಕರೆದರೂ ಭಂಡಾರ ಹಚ್ಚುವ ಹೊತ್ತಿಗೆ ತಟ್ಟೆಯನ್ನು ಇನ್ನೊಬ್ಬಳ ಕೈಗೆ ಕೊಟ್ಟರಂತೆ.

"ಕುರಿ ಹೋದ್ರ ಕುರಿ ಬರ್ತಾವ," ಎಂದಳು. "ನಾ ಭಂಡಾರ ಹಚ್ಚಾಕ ಹೋದ್ರ ಹಣಿ ಹಿಂದಕ್ಕ ತಗೀತಾರಲ್ಲ, ಅದನ್ನ ಹೆಂಗ ಸೈಸ್ಲಿ?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ನಾನು ಕಂಬಳಿಯಿಂದ ಎದ್ದೆ. ಅಲ್ಲಿಂದಲೇ ಮುಖ್ಯಸ್ಥೆಗೆ ಫೋನ್ ಮಾಡಿ ಆ ತುಣುಕು ಎಲ್ಲಾದರೂ ಉಳಿದಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಅಧಿಕಾರಿಯೇ ಬಂದು ಒಂದು ಮಾತು ಹೇಳಲಿ ಎಂದೆ. ಅದು ಸಾಧ್ಯವಿಲ್ಲ ಎಂದರು. ಆಕೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ನಿಜಕ್ಕೂ ಮರುಗಿ, ಒಂದು ಉಪಾಯ ಹೇಳಿದರು. ಹಟ್ಟಿಗೆಲ್ಲ ಕಂಪನಿಯ ಹೆಸರಿನಲ್ಲಿ ಹೊದಿಕೆ ಹಂಚೋಣ.

ಹೊದಿಕೆಗಳು ಮರುದಿನವೇ ಬಂದವು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ, ಹುಲಿಯ ಚಿತ್ರವಿದ್ದ, ಮುಟ್ಟಿದರೆ ಚರಚರ ಎನ್ನುವ ಹೊದಿಕೆಗಳು. ಉಣ್ಣೆ ಕತ್ತರಿಸಿ, ನೂತು, ಕಂಬಳಿ ನೇಯ್ದುಕೊಳ್ಳುವ ಜನಕ್ಕೆ ಇದು. ಹಟ್ಟಿಯವರು ಬೇಡವೆನ್ನಲಿಲ್ಲ. ಸಂಜೆ ನೋಡಿದರೆ ಹುಲಿಗಳನ್ನೆಲ್ಲ ಈದ ಕುರಿಗಳ ಕೆಳಗೆ ಹಾಸಿದ್ದರು. ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು, ಕೂಡಲೇ ನನ್ನ ಮೇಲೇ ನನಗೆ ಅಸಹ್ಯವೂ ಬಂತು. ಆ ಚೀಲಗಳನ್ನು ಜೀಪಿನಿಂದ ಇಳಿಸಿದವಳು ನಾನು.

ಆ ಸೂಲಗಿತ್ತಿ ಆಮೇಲೆ ಏನಾದಳು? ಈ ಪ್ರಶ್ನೆ ನನಗೆ ಹೊಳೆದದ್ದು ಆ ಜೀಪಿನ ಪಕ್ಕ ನಿಂತಾಗ. ಹೊಗೆ ಏನೂ ಮಾಡದು ಎಂದು ಹೇಳಿದವಳ ಬಾಗಿಲಿಗೆ, ಮಕ್ಕಳ ಕೆಮ್ಮು ನಿಲ್ಲದಿದ್ದಾಗ, ಹೆರಿಗೆಗೆ ಕರೆಯಲು ಯಾರಾದರೂ ಬಂದರೇ? ಹೊದಿಕೆಗಳ ಜೊತೆಗೇ ಬಂದು ಅವುಗಳ ಫೋಟೊ ತೆಗೆಯುತ್ತಿದ್ದ ಮುಖ್ಯಸ್ಥೆಯನ್ನು ಕೇಳಿದೆ. ಆಕೆ, ನಮ್ಮ ಇತಿಹಾಸದ ಪುಸ್ತಕದಲ್ಲಿ ಅದಿಲ್ಲ, ಬಹುಶಃ ಯಾರೂ ಕೇಳಿಲ್ಲ ಎಂದರು.

ನಾನು ಹಟ್ಟಿಯ ಯಜಮಾನನ ಬಳಿ ಹೋದೆ. ಕುರಿಯವರ ಪಂಚಾಯ್ತಿ ಕೂಡಿಸುವ ಹಿರಿಯ ಅವನು. ನಡೆದದ್ದನ್ನು ಹೇಳಿದೆ. ಅವನು ಬೇವಿನ ಕಟ್ಟೆಯ ಮೇಲೆ ಕೂತು ಕೊನೆಯವರೆಗೂ ಕೇಳಿದ.

"ನೀವು ಕಂಪನಿ ಮಂದಿ. ಅವತ್ತು ಒಂದು ಹೇಳಿದ್ರಿ, ಇವತ್ತು ಒಂದು ಹೇಳ್ತೀರಿ. ಬಾಯಿಲೆ ಹೇಳಿದ್ರ ನಾ ಹೆಂಗ ನಂಬ್ಲಿ? ನೋಡಿದ್ದು ಖರೆ ಇದ್ರ ಮಂದಿ ಮುಂದ ಭಂಡಾರ ಹಿಡದು ಹೇಳ್ರಿ."

ಹಿಡಿಯುತ್ತೇನೆ ಎಂದೆ, ಆದರೆ ಅದು ಸುಲಭದ ಮಾತಾಗಿರಲಿಲ್ಲ. ನಾನು ಸಹಿ ಮಾಡಿದ ಒಪ್ಪಂದದ ಪ್ರಕಾರ ಗ್ರಾಹಕರ ವಿಷಯ ಹೊರಗೆ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಕೋರ್ಟಿಗೂ ಎಳೆಯಬಹುದು. ಹರಪನಹಳ್ಳಿಯ ನಮ್ಮ ಮನೆ ನಡೆಯುತ್ತಿದ್ದುದು ಅದೇ ಕೆಲಸದಿಂದ. ಅದರ ಜೊತೆಗೆ ಇನ್ನೊಂದು ಭಯವೂ ಇತ್ತು, ಅದನ್ನು ಹೇಳಿದರೆ ಆಫೀಸಿನಲ್ಲಿ ನಗುತ್ತಾರೆ. ಎಷ್ಟೋ ಮಂದಿಯ ಬಾಯಲ್ಲಿ ಮಾತು ಇಟ್ಟವಳು ನಾನು. ನನ್ನದೇ ಎಂದು ಒಂದು ಮಾತನ್ನು ಹಾಗೆ ಕೈಯಲ್ಲಿ ಹಿಡಿದು ಆಡಿ ಯಾವ ಕಾಲವಾಗಿತ್ತೋ.

ಬೆಳಿಗ್ಗೆ ಕುರಿ ಬಿಡುವ ಮುಂಚೆ ಜನ ಕಟ್ಟೆಯ ಹತ್ತಿರ ಸೇರಿದರು. ಪಾರ್ಕಿನ ಕಾವಲಿಗಿದ್ದ ಇಬ್ಬರೂ ಬೇಲಿಯ ಕಡೆಯಿಂದ ಬಂದು ನಿಂತರು. ಹಂಪಸಾಗರದ ಕಡೆಯವರು, ಅವರೂ ಮೈಲಾರಕ್ಕೆ ನಡೆದುಕೊಳ್ಳುವ ಒಕ್ಕಲು. ದೊಡ್ಡವ್ವ ದೂರದಲ್ಲಿ ತನ್ನ ಹಿಂಡಿನ ಪಕ್ಕ ಕೂತಿದ್ದಳು, ಎದ್ದು ಬರಲಿಲ್ಲ. ಯಜಮಾನ ನನ್ನ ಅಂಗೈಗೆ ಭಂಡಾರ ಹಾಕಿದ. ಕಂಪನಿಯ ಅಧಿಕಾರಿ ದೊಡ್ಡವ್ವನಿಗಿಂತ ಮೊದಲು ಭಂಡಾರ ಹಿಡಿದದ್ದನ್ನು, ಹಾದಿ ಬಿಡುತ್ತೇನೆ ಎಂದದ್ದನ್ನು, ಕೈ ಒರೆಸಿಕೊಂಡದ್ದನ್ನು, ಆ ಭಾಗವನ್ನು ನಮ್ಮವರು ಕತ್ತರಿಸಿ ಎಸೆದದ್ದನ್ನು ಹೇಳಿದೆ. ವಾಕ್ಯ ಸುಂದರವಾಗಿರಲಿಲ್ಲ, ನಡುವೆ ತಡವರಿಸಿದೆ. ಪುಡಿ ಬೆವರಿಗೆ ಅಂಟಿ ಕೈಯೆಲ್ಲ ಹಳದಿಯಾಗಿತ್ತು.

ಯಜಮಾನ ಎದ್ದು ಹೋಗಿ ದೊಡ್ಡವ್ವನ ಮುಂದೆ ನಿಂತು, ಭಂಡಾರ ಹಚ್ಚು ಎಂದು ಹಣೆ ಬಗ್ಗಿಸಿದ. ಅವಳು ಚೀಲದ ದಾರ ಬಿಚ್ಚಿ ಅವನ ಹಣೆಗೆ ಹಚ್ಚಿದಳು. ಅವನ ಹಿಂದೆ ಒಬ್ಬೊಬ್ಬರೇ ಬಂದು ಸಾಲು ನಿಂತರು. ಕಾವಲಿನವರಿಬ್ಬರೂ ಹಚ್ಚಿಸಿಕೊಂಡು ಬೇಲಿಯ ಕಡೆ ನಡೆದರು.

ಅವತ್ತಿನಿಂದ ಆ ಗೇಟಿನ ಬೀಗ ಬೆಳಿಗ್ಗೆ ಕುರಿ ಹೋಗುವ ಹೊತ್ತಿಗೆ, ಸಂಜೆ ತಿರುಗಿ ಬರುವ ಹೊತ್ತಿಗೆ ತೆರೆದಿರತೊಡಗಿತು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಕೇಳಿದರೆ ಕಾವಲಿನವರು, ಬೀಗ ತುಕ್ಕು ಹಿಡದೈತ್ರಿ ಎನ್ನುತ್ತಿದ್ದರು. ಹೊಸ ಬೀಗ ಬಂತು, ಅದಕ್ಕೂ ತುಕ್ಕು ಹಿಡಿಯಿತು.

ನಾನು ಕೆಲಸದಿಂದ ತೆಗೆಯುವ ಪತ್ರಕ್ಕೆ ಕಾಯುತ್ತಾ ಕೂತಿದ್ದೆ. ಬಂದದ್ದು ಮುಖ್ಯಸ್ಥೆಯ ಫೋನು, ಅದೂ ಸಂಭ್ರಮದಿಂದ. ನಾನು ಮಾಡಿದ್ದು ಅವರಿಗೆಲ್ಲ ತಿಳಿದಿತ್ತು. ಅದ್ಭುತ ಕೆಲಸ ಮಾಡಿದ್ದೀಯ, ಕಳೆದುಹೋದ ನಂಬಿಕೆ ತಾನಾಗಿಯೇ ತಿರುಗಿ ಬಂದಿದೆ, ಈಗ ಗೇಟೂ ತೆರೆದಿದೆಯಂತಲ್ಲ, ಅದನ್ನೇ ಎರಡನೇ ಫಿಲ್ಮಿಗೆ ಬಳಸೋಣ, ಕಂಪನಿ ಜನರ ಮಾತು ಕೇಳಿಸಿಕೊಂಡಿತು ಎಂದು. ಆಮೇಲೆ ಕೇಳಿದರು, ನೀನು ಆ ಅರಿಸಿನ ಹಿಡಿದು ಮಾತಾಡಿದ್ದನ್ನು ಯಾರಾದರೂ ಶೂಟ್ ಮಾಡಿದ್ದಾರಾ? ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಬೈದಿದ್ದರೆ ಇಷ್ಟು ಮೈ ಉರಿಯುತ್ತಿರಲಿಲ್ಲ. ಈ ಮಂದಿಯ ಮುಂದೆ ಏನು ಮಾಡಿದರೂ ಅದು ಅವರಿಗೆ ಕಚ್ಚಾ ಸಾಮಗ್ರಿ.

ಅವರು ಬಂದರು. ಅದೇ ನಿರ್ದೇಶಕ, ಅದೇ ಅಧಿಕಾರಿ, ಅದೇ ಹಾದಿ. ತೆರೆದ ಗೇಟಿನಲ್ಲಿ ಹಿಂಡು ನುಗ್ಗುವುದನ್ನು ಮೊದಲು ತೆಗೆದುಕೊಂಡರು. ಆಮೇಲೆ ದೊಡ್ಡವ್ವನಿಗೆ ಹೇಳಲು ನನಗೆ ಒಂದು ಮಾತು ಕೊಟ್ಟರು: ಕಂಪನಿಯವರು ಹಾದಿ ಬಿಟ್ಟರು, ಅವರಿಗೆ ಒಳ್ಳೆಯದಾಗಲಿ. ನಾನು ಅದನ್ನು ಅವಳಿಗೆ ಇದ್ದ ಹಾಗೇ ಹೇಳಿದೆ, ಒಂದಕ್ಷರ ತಿದ್ದಲಿಲ್ಲ. ಬೇಲಿಯ ಬುಡದಲ್ಲಿ ಕಾವಲಿನವರು ನೆಲ ನೋಡುತ್ತಾ ನಿಂತಿದ್ದರು.

ಈ ಸಲ ಯಾರೂ ದಿಬ್ಬದ ಆಚೆ ಹೋಗಲಿಲ್ಲ. ನಿರ್ದೇಶಕ ಕೈ ಬೀಸಿ ಸರಿಯಿರಿ ಎಂದ, ಹಟ್ಟಿಯವರು ಕಂಬಳಿ ಹೆಗಲಿಗೇರಿಸಿ ಅಲ್ಲೇ ಕೂತರು. ದೊಡ್ಡವ್ವ ತಟ್ಟೆ ತಂದು ಚೀಲದಲ್ಲಿದ್ದ ಭಂಡಾರವನ್ನೆಲ್ಲ ಅದಕ್ಕೆ ಸುರಿದಳು. ಹಾದಿಯ ನಡುವೆ ಒಂದು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ನಿಂತಳು.

"ಹಾದಿ ನಾವು ಬಿಟ್ಟೀವಿ ಅನ್ನೋರು ಯಾರು ಅದಾರ, ಬಂದು ಹಿಡೀರಿ. ನಾ ಈ ಸಲ ನಡುವ ಬರಂಗಿಲ್ಲ."

ನಾನು ತರ್ಜುಮೆ ಮಾಡಿದೆ. ಅಧಿಕಾರಿ ಒಂದು ಹೆಜ್ಜೆ ಮುಂದಿಟ್ಟ. ಕೈ ತಟ್ಟೆಯ ಹತ್ತಿರದವರೆಗೂ ಹೋಯಿತು. ಅಷ್ಟರಲ್ಲಿ ಅವನ ಕಣ್ಣು ಕ್ಯಾಮೆರಾದ ಕೆಂಪು ದೀಪದ ಮೇಲೆ ಬಿತ್ತು, ಕೈ ಹಿಂದೆ ಸರಿದು ಪ್ಯಾಂಟಿನ ಜೇಬು ಸೇರಿತು. ವಕೀಲರನ್ನು ಒಂದು ಮಾತು ಕೇಳಬೇಕು ಎಂದ. ದೊಡ್ಡವ್ವ ಮುಖ್ಯಸ್ಥೆಯ ಕಡೆ ನೋಡಿದಳು. ಆಕೆಯ ಮುಖದಲ್ಲಿ ನಗು ಇನ್ನೂ ಇತ್ತು, ಏನು ಮಾಡಬೇಕೆಂದು ತಿಳಿಯದೆ ಉಳಿದುಹೋದ ನಗು. ನಿರ್ದೇಶಕ ಕ್ಯಾಮೆರಾದ ಹಿಂದೆ ಬಗ್ಗಿದ. ಮುಖ್ಯಸ್ಥೆ ನನ್ನ ಹತ್ತಿರ ಬಂದು, ತಟ್ಟೆ ಇಲ್ಲದೆ ಬರೀ ಮಾತು ಹೇಳಿದರೆ ಸಾಕು ಅಂತ ಅವಳಿಗೆ ಹೇಳು ಎಂದು ಪಿಸುಗುಟ್ಟಿದರು. ನೀವೇ ಹೇಳಿ ಎಂದೆ. ಆಕೆಗೆ ಆ ಮಾತು ಬರುತ್ತಿರಲಿಲ್ಲ.

ಬಿಸಿಲು ಏರಿತು. ಅವರು ಸಾಮಾನು ಕಟ್ಟಿದರು. ಜೀಪು ಹತ್ತಿ ಹಾರ್ನ್ ಮಾಡಿದರು, ನಾನು ಹತ್ತಲಿಲ್ಲ. ಕೊಟ್ಟೂರಿನಿಂದ ಹರಪನಹಳ್ಳಿಗೆ ಬಸ್ಸಿದೆ ಎಂದು ಕೈ ಬೀಸಿದೆ. ಧೂಳು ಅಡಗಿದ ಮೇಲೆ ದೊಡ್ಡವ್ವ ಬಂದು ತಟ್ಟೆಯ ಭಂಡಾರವನ್ನು ಮತ್ತೆ ಚೀಲಕ್ಕೆ ತುಂಬಿದಳು. ಒಬ್ಬರೂ ಮುಟ್ಟಿರಲಿಲ್ಲವಾದ್ದರಿಂದ ಅದು ಸುರಿದಷ್ಟೇ ಇತ್ತು.